ನೀರು ಸೋಕದ ಕಲ್ಲು

ಬೆಳ್ಳಿ ಕರಡಿಗೆಯ ಮುಚ್ಚಳ ಬಿಗಿದುಕೊಂಡಿತ್ತು. ಅಯ್ಯನವರು ಹೆಬ್ಬೆರಳ ಉಗುರು ತೂರಿಸಿ ಮೀಟಿದರು, ಬರಲಿಲ್ಲ. ಪಂಚೆಯ ಅಂಚಿನಿಂದ ಹಿಡಿದು ತಿರುಚಿದರು. ಟಪ್ಪೆಂದು ತೆರೆದುಕೊಂಡಿತು. ಒಳಗಿದ್ದುದನ್ನು ಎಡ ಅಂಗೈಗೆ ಬೋರಲು ಹಾಕಿಕೊಂಡು ನೋಡಿದರು. ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದರು.

"ಪ್ರೇಮಕ್ಕ, ಇದು ಲಿಂಗ ಅಲ್ಲವಲ್ಲ," ಎಂದರು.

ಜೀವನ್ ಬಿಮಾ ನಗರದ ಆ ಚಿಕ್ಕ ಮನೆಯ ನಡುಮನೆಯಲ್ಲಿ ಹೆಂಗಸರ ಅಳು ಅರ್ಧಕ್ಕೆ ನಿಂತಿತು. ಗೋಡೆಗೆ ಒರಗಿ, ಚಕ್ಕಂಬಕ್ಕಳ ಹಾಕಿ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಕೂತಿದ್ದ ವಿರೂಪಾಕ್ಷನೊಬ್ಬನೇ ಮೊದಲಿದ್ದ ಹಾಗೇ ಇದ್ದ. ಅವನ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟಿದ್ದರು. ಹುಟ್ಟಿದಾಗ ಮಠದ ಸ್ವಾಮಿಗಳು ಕಟ್ಟಿದ, ಕರಡಿಗೆಯೊಳಗೆ ಸದಾ ಕೊರಳಲ್ಲಿರುವ ಇಷ್ಟಲಿಂಗ ಅವನು ಮಣ್ಣಿಗೆ ಹೋಗುವಾಗ ಆ ಕೈಯಲ್ಲಿರಬೇಕು. ಕೈ ಖಾಲಿಯಾಗಿತ್ತು.

ಜಿಯಾವುಲ್ಲಾ ಕಿಟಕಿಯಾಚೆ ಪೋರ್ಟಿಕೋದಲ್ಲಿ, ಚಪ್ಪಲಿಗಳ ರಾಶಿಯ ಪಕ್ಕ ನಿಂತಿದ್ದ. ಶಿವಾಜಿನಗರದಲ್ಲಿ ಗುಜರಿ ಅಂಗಡಿ ನಡೆಸಿ ತಲೆ ನರೆಸಿಕೊಂಡವನು. ಯಾರ ಮನೆಯಲ್ಲಿ ಯಾವ ದಿನ ಎಲ್ಲಿಯ ತನಕ ಹೋಗಬೇಕು ಎಂಬುದು ಅವನಿಗೆ ತಿಳಿದಿತ್ತು. ಉಳಿದವರೆಲ್ಲ ಅಯ್ಯನವರ ಅಂಗೈಯತ್ತ ಕತ್ತು ಚಾಚಿದರು. ಅವನು ಚಾಚಲಿಲ್ಲ. ಅಲ್ಲಿರುವುದು ನೆಲ್ಲಿಕಾಯಿ ಗಾತ್ರದ ಒಂದು ಕಂದು ಕಲ್ಲು, ತುಕ್ಕು ತಿಂದ ಕಲ್ಲು, ಎಂದು ಅವನಿಗೆ ನೋಡದೆಯೂ ಗೊತ್ತಿತ್ತು. ಅದು ಆ ಕರಡಿಗೆಯೊಳಗೆ ಸೇರಿದ ದಿನ ಅವನು ಪಕ್ಕದಲ್ಲೇ ಇದ್ದ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದ. ಮಾತು ತೆಗೆದುಕೊಂಡವನು ಈಗ ಗೋಡೆಗೆ ಒರಗಿ ಕೂತಿದ್ದ.

ಮೊದಲು ಬಾಯಿಬಿಟ್ಟವನು ತಮ್ಮ ಬಸವಪ್ರಭು. ಬೆಳಗಿನ ರೈಲಿಗೆ ಗದಗಿನಿಂದ ಬಂದಿಳಿದಿದ್ದ. ಕಾಳಿನ ವ್ಯಾಪಾರಿ, ಅಣ್ಣನಿಗಿಂತ ಚಿಕ್ಕವನಾದರೂ ತಲೆ ಪೂರ್ತಿ ಬೆಳ್ಳಗಾಗಿತ್ತು. ಲಿಂಗ ಎಲ್ಲಿ ಹೋಯಿತೆಂದು ಅತ್ತಿಗೆಯನ್ನು ಕೇಳಿದ. ಪ್ರೇಮಕ್ಕ ತನಗೆ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಹಲಸೂರಿನ ಸಣ್ಣ ಮಠವೊಂದರಿಂದ ಬಂದಿದ್ದ ಅಯ್ಯನವರು ಮಾತು ಕಮ್ಮಿ, ಉಬ್ಬಸದ ಮನುಷ್ಯ. ಬೇರೆ ಲಿಂಗ ತರಿಸಿ ಕಟ್ಟಲು ಬರುತ್ತದೆ, ಆದರೆ ಮೊದಲಿನದು ಯಾವಾಗ, ಹೇಗೆ ಹೋಯಿತೆಂದು ಮನೆಯವರು ನಾಲ್ಕು ಜನರ ಮುಂದೆ ಹೇಳಬೇಕು ಎಂದರು.

"ಬ್ಯಾರೆ ಲಿಂಗದ ಮಾತು ಬ್ಯಾಡ್ರಿ," ಎಂದ ಬಸವಪ್ರಭು. "ಅವಂದು ಅವನ ಕೈಯಾಗ ಹೋಗಬೇಕು. ಇಲ್ಲಂದ್ರ ಕೂಡ್ರಿಸಿ ಹುಗಿಯೂದು ಹೆಂಗ? ಮಲಗಿಸಬೇಕಾಗ್ತೈತಿ, ಲಿಂಗ ಇಲ್ದವರಂಗ. ಊರಾಗ ನಾ ಏನಂತ ಹೇಳ್ಲಿ?"

ರುದ್ರಭೂಮಿಯ ಗೇಟು ಕತ್ತಲಾಗುವ ಮೊದಲೇ ಮುಚ್ಚುತ್ತದೆಂದು ಪಕ್ಕದ ಮನೆಯ ಹಂಪಣ್ಣ ನೆನಪಿಸಿದ. ಹೊತ್ತು ಆಗಲೇ ಮಧ್ಯಾಹ್ನ ದಾಟಿತ್ತು. ಹಾಗಾದರೆ ಹುಡುಕೋಣ ಎಂದರು ಎಲ್ಲರೂ. ಹುಡುಕುವುದು ಕಷ್ಟವಿರಲಿಲ್ಲ, ಆ ಮನೆಯೊಂದನ್ನು ಬಿಟ್ಟು ಬೇರೆ ಯಾವ ಮನೆಯಲ್ಲಾದರೂ. ಯಾಕೆಂದರೆ ಅಲ್ಲಿ ಮಂಚದ ಕೆಳಗೆ, ಅಟ್ಟದ ಮೇಲೆ, ಬೀರುವಿನ ಹಿಂದೆ, ಬಿಸ್ಕತ್ತಿನ ಡಬ್ಬಿಗಳ ತುಂಬ ಇದ್ದದ್ದೆಲ್ಲ ಕಲ್ಲುಗಳೇ.

*

ತೊಂಬತ್ತೆರಡೋ ಮೂರೋ ಇಸವಿ. ಹೊಸಕೋಟೆ ಕಡೆಯ ಒಬ್ಬ ಗುಜರಿಯವನು ತಂದ ಕಬ್ಬಿಣದ ಮೂಟೆಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಕಂದು ಗಡ್ಡೆಯೊಂದಿತ್ತು. ಅಯಸ್ಕಾಂತ ಹಿಡಿದರೆ ಅಂಟುತ್ತಿತ್ತು, ಸುತ್ತಿಗೆಯಲ್ಲಿ ಹೊಡೆದರೆ ಕಲ್ಲಿನ ಹಾಗೆ ಸಿಡಿಯುತ್ತಿತ್ತು. ತೂಕ ಹೆಚ್ಚಿಸಲು ಕಲ್ಲು ಬೆರೆಸಿದ್ದಾನೆಂದು ಜಿಯಾವುಲ್ಲಾ ಅವನ ವಂಶದವರನ್ನೆಲ್ಲ ಸ್ಮರಿಸುತ್ತಿದ್ದಾಗ, ಮೂಲೆಯಲ್ಲಿ ಹಳೆಯ ಬೇರಿಂಗು ಆಯುತ್ತಿದ್ದ ಗಿರಾಕಿ ಎದ್ದು ಬಂದ. ವಿಮಾನ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ಭಾನುವಾರಗಳಲ್ಲಿ ಬರುತ್ತಿದ್ದ, ಕಮ್ಮಿ ಮಾತಾಡುತ್ತಿದ್ದ. ಅರ ಕೇಳಿ ಪಡೆದು ಗಡ್ಡೆಯ ಒಂದು ಮೂಲೆಯನ್ನು ಉಜ್ಜಿದ. ತುಕ್ಕಿನಡಿಯಲ್ಲಿ ಕಬ್ಬಿಣ ಬೆಳ್ಳಿಯ ಹಾಗೆ ಮಿನುಗಿತು. ಅದರ ಮಗ್ಗುಲಲ್ಲೇ, ಜೇನಿನ ಬಣ್ಣಕ್ಕೆ ಒಂದಿಷ್ಟು ಹಸಿರು ಬೆರೆಸಿದಂಥ ಗಾಜಿನ ಕಾಳು.

ಆ ಗಡ್ಡೆಯನ್ನು ಅವನು ಯಾವುದೋ ಕಾಲೇಜಿನ ಮೇಷ್ಟರಿಗೆ ತೋರಿಸಿಕೊಂಡು ಬಂದ. ಆಕಾಶದಿಂದ ಬಿದ್ದದ್ದು, ಅರ್ಧ ಕಲ್ಲು ಅರ್ಧ ಕಬ್ಬಿಣ, ಇಂಥದು ಬಲು ಅಪರೂಪ, ಆದರೆ ಮಳೆಬಿಸಿಲಿಗೆ ತೀರಾ ಹಾಳಾಗಿದೆ ಎಂದರಂತೆ ಅವರು. ಹಾಳಾಗಿದೆ ಎಂದದ್ದು ವಿರೂಪಾಕ್ಷನಿಗೆ ಹಿಡಿಸಿರಲಿಲ್ಲ.

"ಬಿದ್ದು ಸಾವಿರಾರು ವರ್ಷ ಆಗಿದೆಯಂತೆ ಜಿಯಾ. ಇಷ್ಟು ಕಾಲ ನಮ್ಮ ಮಳೆ ಕುಡ್ಕೊಂಡು ನಮ್ಮ ಮಣ್ಣಲ್ಲೇ ಇದೆ. ಹಾಳಾಗಿದೆ ಅಂದ್ರೆ ಏನರ್ಥ?"

"ಹಂಗಾದ್ರೆ ಇದಕ್ಕೊಂದು ರೇಷನ್ ಕಾರ್ಡ್ ಮಾಡ್ಸಿಬಿಡಿ ಅಣ್ಣ," ಎಂದಿದ್ದ ಜಿಯಾವುಲ್ಲಾ.

ಅವತ್ತು ನಕ್ಕ ನಗೆ ಇಬ್ಬರನ್ನೂ ಗಂಟುಹಾಕಿತು. ಗಡ್ಡೆ ತಂದವನಿಂದ ಹೊಲದ ಗುರುತು ಕೇಳಿಕೊಂಡು, ಬಿಡುವಾದ ಭಾನುವಾರಗಳಲ್ಲಿ ಜಿಯಾವುಲ್ಲಾನ ಸ್ಕೂಟರಿನಲ್ಲಿ ಕೆ.ಆರ್. ಪುರಂ ದಾಟಿ ಹೋಗತೊಡಗಿದರು. ಬೇಸಿಗೆಯ ಒಣ ಕೆರೆಯಂಗಳ, ಅದರಾಚೆಯ ರಾಗಿ ಹೊಲಗಳು. ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡು, ಏನೋ ಕಳೆದುಕೊಂಡವರ ಹಾಗೆ ನೆಲ ನೋಡುತ್ತ ನಡೆಯುವುದು. ಅದೇ ಜಾತಿಯ ಕಲ್ಲನ್ನು ಒಬ್ಬಳು ದನದ ಗೂಟ ಹೊಡೆಯಲು ಇಟ್ಟುಕೊಂಡಿದ್ದಳು; ಇನ್ನೊಬ್ಬ ಹುಲ್ಲಿನ ಮೆದೆಯ ತಾಡಪಾಲು ಹಾರದಂತೆ ಹೇರಿದ್ದ. ತಂದವುಗಳಲ್ಲಿ ಬಹಳಷ್ಟು ಬರೀ ಅದಿರು, ಕುಲುಮೆಯ ಕಿಟ್ಟ. ನಿಜದವು ಎಂದು ವಿರೂಪಾಕ್ಷನೇ ಒಪ್ಪುತ್ತಿದ್ದವು ಒಂದು ಮೊರದಷ್ಟೂ ಇರಲಿಲ್ಲ. ಹಾಗೆಂದು ಉಳಿದವನ್ನು ಎಸೆಯಲೂ ಇಲ್ಲ.

ಆ ನಿಜದ ಕಲ್ಲುಗಳಿಗೆ ನೀರೆಂದರೆ ಆಗದು. ಮಳೆಗಾಲದ ತೇವಕ್ಕೇ ಅವು ಬೆವರುತ್ತಿದ್ದವು, ಮೈಮೇಲೆ ಕೆಂಪು ಹನಿ ಮೂಡುತ್ತಿತ್ತು, ಹಾಗೇ ಬಿಟ್ಟರೆ ಪುಡಿಯಾಗಿ ಉದುರುತ್ತಿದ್ದವು. ಅದಕ್ಕೆ ಪ್ರೇಮಕ್ಕ ವರ್ಷವರ್ಷವೂ ಜೂನ್ ಬರುವ ಮೊದಲು ರೇಷನ್ ಅಕ್ಕಿ ಹುರಿದು, ಆರಿಸಿ, ತೇವ ಹೀರಲೆಂದು ಡಬ್ಬಿಗಳಿಗೆ ತುಂಬಿಕೊಡುತ್ತಿದ್ದಳು. ಮನುಷ್ಯರಿಗೆ ಅನ್ನ, ಕಲ್ಲಿಗೆ ಹುರಿದಕ್ಕಿ, ಈ ಮನೆಯಲ್ಲಿ ಅತಿಥಿಗಳಿಗೇ ಹೆಚ್ಚು ಮರ್ಯಾದೆ ಎಂದು ಗೊಣಗುತ್ತ ಹುರಿಯುತ್ತಿದ್ದಳು.

*

ಡಬ್ಬಿಗಳನ್ನು ಅಂಗಳಕ್ಕೆ ತಂದು ಸುರಿದರು. ಹಳದಿಯಾದ ಅಕ್ಕಿಯ ಜೊತೆ ಕಲ್ಲುಗಳು ಉರುಳಿದವು. ಎಲ್ಲವೂ ಕಂದು, ಎಲ್ಲವೂ ಕಪ್ಪು. ಯಾವನೋ ನೆಂಟ ಬಕೆಟ್ಟಿನಲ್ಲಿ ನೀರು ತಂದು, ತೊಳೆದರೆ ಲಿಂಗದ ಕರಿ ಹೊಳಪು ಗೊತ್ತಾಗುತ್ತದೆಂದು ಒಂದು ಹಿಡಿ ಕಲ್ಲನ್ನು ಮುಳುಗಿಸಿಯೂ ಬಿಟ್ಟ. ಮಗಳು ಪ್ರತಿಭಾ ಓಡಿಬಂದು ಬಕೆಟ್ಟನ್ನು ಒದ್ದಳು. ಅಪ್ಪ ಸತ್ತಾಗಿನಿಂದ ಒಂದು ಹನಿ ಕಣ್ಣೀರು ಹಾಕದವಳು, ಆ ಒದ್ದೆ ಕಲ್ಲುಗಳನ್ನು ಚೂಡಿದಾರದ ವೇಲಿನಿಂದ ಒಂದೊಂದಾಗಿ ಒರೆಸುತ್ತ ಅಳತೊಡಗಿದಳು. ಆಮೇಲೆ ತಾನೇ ಒಳಗಿನಿಂದ ಅಯಸ್ಕಾಂತ ತಂದು ದಾರ ಕಟ್ಟಿದಳು.

"ಅಪ್ಪನ ಕಲ್ಲು ಇದಕ್ಕೆ ಅಂಟುತ್ತೆ. ಲಿಂಗ ಅಂಟಲ್ಲ. ಅಂಟದೇ ಇರೋದನ್ನ ಈ ಕಡೆ ಹಾಕಿ," ಎಂದಳು.

ತುಕ್ಕು ಪೂರ್ತಿ ತಿಂದ ಕಲ್ಲೂ ಅಂಟುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಈ ಕಡೆಯ ರಾಶಿ ಬೆಳೆಯುತ್ತ ಹೋಯಿತು. ಬಸವಪ್ರಭು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಎತ್ತಿ ಸೂರ್ಯನಿಗೆ ಹಿಡಿಯುತ್ತಿದ್ದ. ಹಂಪಣ್ಣ ಸಮಾಧಾನ ಮಾಡಲು ಹೋಗಿ, ತಾವೆಲ್ಲ ಶಿಫ್ಟು ಮುಗಿಸಿ ಬಾರಿನ ಕಡೆ ಹೊರಟರೆ ವಿರೂಪಾಕ್ಷ ಗುಜರಿಯ ಕಡೆ ಹೊರಡುತ್ತಿದ್ದ ಎಂದ. ಹೇಳಬಾರದ ಹೊತ್ತಿನಲ್ಲಿ ಹೇಳಿದಂತಾಯಿತು. ಬಸವಪ್ರಭು ತಲೆಯೆತ್ತಿ ಪೋರ್ಟಿಕೋದತ್ತ ನೋಡಿದ.

"ದವಾಖಾನ್ಯಾಗ ಕರಡಿಗಿ ಯಾರ ಕೈಯಾಗ ಕೊಟ್ರು?"

ಮುಚ್ಚಿಡುವಂಥದ್ದೇನಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ನಾಲ್ಕು ದಿನದ ಹಿಂದೆ ಎದೆನೋವು ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವನು ಜಿಯಾವುಲ್ಲಾ. ಪ್ರೇಮಕ್ಕ ಔಷಧಿ ತರಲು ಕೆಳಗೆ ಹೋಗಿದ್ದಾಗ ನರ್ಸ್ ಕೊರಳಿನ ಶಿವದಾರ, ಕೈಗಡಿಯಾರ ಎಲ್ಲ ಬಿಚ್ಚಿ ಅವನಿಗೇ ಕೊಟ್ಟಿದ್ದಳು.

"ನನ್ನ ಕೈಗೇ ಕೊಟ್ರು ಸಾರ್," ಎಂದ ಜಿಯಾವುಲ್ಲಾ. "ಕರ್ಚೀಫಲ್ಲಿ ಸುತ್ತಿ ಇಟ್ಕೊಂಡಿದ್ದೆ. ಅಕ್ಕ ಬಂದ ತಕ್ಷಣ ಕೊಟ್ಬಿಟ್ಟೆ."

"ಎಲ್ಲೆ ಇಟ್ಕೊಂಡಿದ್ರಿ?"

"ಜೇಬಲ್ಲಿ."

"ಆ ಕಿಸೇದಾಗ ಈ ಕಲ್ಲೂ ಇದ್ದುವೇನು?"

ಜಿಯಾವುಲ್ಲಾನ ಕಿವಿ ಕಾದವು. ಗುಜರಿ ವ್ಯಾಪಾರದಲ್ಲಿ ಕಳ್ಳ ಎನಿಸಿಕೊಳ್ಳುವುದು ಹೊಸದಲ್ಲ. ಪೊಲೀಸರು ಎನ್ನುತ್ತಾರೆ, ಗಿರಾಕಿಗಳೂ ಎನ್ನುತ್ತಾರೆ, ಸಂಜೆ ಕೈ ತೊಳೆದರೆ ಹೋಗುತ್ತದೆ. ಇದು ಬೇರೆ. ಒಂದೇ ಒಂದು ಮಾತು ಸಾಕಿತ್ತು. ನಿಮ್ಮಣ್ಣ ಹನ್ನೊಂದು ವರ್ಷದಿಂದ ಲಿಂಗವಿಲ್ಲದೆ ಬದುಕಿದ್ದ ಎಂದರೆ ಕಳ್ಳತನದ ಆರೋಪ ತನ್ನ ತಲೆಯಿಂದ ಇಳಿಯುತ್ತಿತ್ತು. ಅದರ ಬದಲು ಗೋಡೆಗೆ ಒರಗಿ ಕೂತವನನ್ನು ಮಲಗಿಸುತ್ತಿದ್ದರು.

"ಹುಡುಕಿ ಸಾರ್," ಎಂದ. "ಮನೇಲಿ ಸಿಗ್ಲಿಲ್ಲ ಅಂದ್ರೆ ನನ್ನ ಅಂಗಡೀನೂ ತೋರಿಸ್ತೀನಿ."

*

ಹನ್ನೊಂದು ವರ್ಷದ ಹಿಂದಿನ ಆ ದಿನ ಬಿಸಿಲು ಕೆಂಡದಂತಿತ್ತು. ಕೆರೆಯಂಗಳದ ಪಕ್ಕದಲ್ಲಿ, ಕಲ್ಲು ಒಡೆದು ಬಿಟ್ಟುಹೋದ ಆಳವಾದ ಹೊಂಡ. ಅದರೊಳಗೆ ಹಸಿರು ನೀರು. ಬೆಳಿಗ್ಗೆಯೇ ನೆಲ್ಲಿಕಾಯಿಯಷ್ಟು ದೊಡ್ಡದೊಂದು ಕಲ್ಲು ಸಿಕ್ಕಿತ್ತು, ದುಂಡಗೆ, ಗಟ್ಟಿಯಾದದ್ದು. ಇನ್ನೊಂದಿರಬಹುದೆಂದು ವಿರೂಪಾಕ್ಷ ಹೊಂಡದ ಅಂಚಿನಲ್ಲಿ ಬಗ್ಗಿ ಕೋಲು ಚಾಚಿದ. ಬೆವರಿಗೆ ಸವೆದಿದ್ದ ಶಿವದಾರ ಕಡಿಯಿತು. ಕರಡಿಗೆ ಬಂಡೆಗೆ ಬಡಿದು ಬಾಯ್ತೆರೆದು, ಅಂಚಿನಲ್ಲೇ ಸಿಕ್ಕಿಕೊಂಡಿತು. ಲಿಂಗ ಎರಡು ಸಲ ಪುಟಿದು ನೀರಿಗೆ ಇಳಿಯಿತು. ಸದ್ದು ಕೂಡ ಸರಿಯಾಗಿ ಆಗಲಿಲ್ಲ.

ಜಿಯಾವುಲ್ಲಾ ಬನಿಯನ್ನಿನಲ್ಲೇ ಇಳಿದ. ಅಂಚಿನಲ್ಲಿ ಎದೆಮಟ್ಟ, ಎರಡು ಹೆಜ್ಜೆ ಆಚೆಗೆ ಆಳವೇ ಗೊತ್ತಿಲ್ಲ. ಕಾಲಿಗೆ ಕೆಸರು, ಕೈಗೆ ಕೆಸರು. ಮುಳುಗಿದ, ಎದ್ದ, ಕೆಮ್ಮಿದ, ಮತ್ತೆ ಮುಳುಗಿದ. ಹೊತ್ತು ವಾಲುವ ತನಕ ಹುಡುಕಿ ಬರಿಗೈಯಲ್ಲಿ ಮೇಲೆ ಬಂದಾಗ ವಿರೂಪಾಕ್ಷ ಬಂಡೆಯ ಮೇಲೆ ಹಾಗೇ ಕೂತಿದ್ದ. ತುಟಿ ಒಡೆದಿತ್ತು. ನೀರಿನ ಬಾಟಲಿ ಕೊಟ್ಟರೆ ಮುಟ್ಟಲಿಲ್ಲ.

"ಲಿಂಗ ಇಲ್ಲದ ಮೈಗೆ ನೀರು ಇಳೀಬಾರದು ಜಿಯಾ. ಮನೇಲಿ ಅವ್ವ ಇದಾಳೆ. ಅವಳಿಗೆ ಗೊತ್ತಾದ್ರೆ ಅವಳೂ ನೀರು ಬಿಡ್ತಾಳೆ."

ಅವನೇನೂ ಮಡಿ ಆಚಾರ ಮಾಡುವವನಲ್ಲ. ಆದರೆ ಚಿಕ್ಕಂದಿನಲ್ಲಿ ಹೊಟ್ಟೆಯೊಳಗೆ ಇಳಿದದ್ದು ದೊಡ್ಡವನಾದ ಮೇಲೆ ಹೊರಗೆ ಬರುವುದಿಲ್ಲ ಎಂಬುದು ಜಿಯಾವುಲ್ಲಾನಿಗೆ ತನ್ನಿಂದಲೇ ಗೊತ್ತಿತ್ತು. ಅವನೂ ಎಷ್ಟೋ ಸಲ ನಮಾಜು ತಪ್ಪಿಸಿದವನು, ರಂಜಾನಿನ ಒಂದು ರೋಜಾವನ್ನೂ ತಪ್ಪಿಸಿದವನಲ್ಲ. ವಾದ ಮಾಡಲಿಲ್ಲ. ಬೆಳಿಗ್ಗೆ ಸಿಕ್ಕ ಕಲ್ಲನ್ನು ಚೀಲದಿಂದ ತೆಗೆದು, ಅಂಗಿಯಲ್ಲಿ ಒರೆಸಿ, ಅವನ ಎಡ ಅಂಗೈ ಮೇಲೆ ಇಟ್ಟ.

"ಇದು ಮೇಲಿಂದ ಬಂದಿದ್ದು ಅಣ್ಣ. ಯಾರೂ ಮಾಡಿದ್ದಲ್ಲ. ಬೇರೇದು ಸಿಗೋವರ್ಗೂ ಇದು. ಈಗ ನೀರು ಕುಡೀರಿ."

ವಿರೂಪಾಕ್ಷ ಕಲ್ಲನ್ನು ಬಹಳ ಹೊತ್ತು ನೋಡಿದ. ಕಣ್ಣಿಗೊತ್ತಿಕೊಂಡ. ಆಮೇಲೆ ಬಾಟಲಿ ಎತ್ತಿ ಒಂದೇ ಗುಕ್ಕಿಗೆ ಖಾಲಿ ಮಾಡಿದ.

ಮುಂದಿನ ವಾರವೇ ಹಲಸೂರಿಗೆ ಹೋಗಿ ಹೊಸ ಲಿಂಗ ಕಟ್ಟಿಸಿಕೊಳ್ಳುವುದು ಎಂದು ಮಾತಾಗಿತ್ತು. ಆ ವಾರ ಬರಲೇ ಇಲ್ಲ. ಕೆಲವು ವರ್ಷ ಕಳೆದು ತಾಯಿ ತೀರಿಕೊಂಡ ಮೇಲೆ, ಇನ್ನು ಯಾರ ಭಯ ಎಂದು ಜಿಯಾವುಲ್ಲಾ ಕೇಳಿದ್ದ. ಇದರ ಭಾರ ಕೈಗೆ ಒಗ್ಗಿಹೋಗಿದೆ ಎಂದು ಹೇಳಿ ವಿರೂಪಾಕ್ಷ ಬೇರೆ ಮಾತು ತೆಗೆದಿದ್ದ.

*

"ಜಿಯಾ ಭಾಯ್, ಅಡಗಿಮನಿ ಅಟ್ಟದ ಮ್ಯಾಲ ಇನ್ನೊಂದು ಡಬ್ಬಿ ಐತಿ. ಇಳಿಸಿಕೊಡ್ರಿ ಬರ್ರಿ," ಎಂದು ಪ್ರೇಮಕ್ಕ ಕಿಟಕಿಯಿಂದ ಕರೆದಳು.

ಬಸವಪ್ರಭು ನೋಡುತ್ತಿದ್ದ. ಜಿಯಾವುಲ್ಲಾ ಹಿತ್ತಿಲ ಬಾಗಿಲಿನಿಂದ ಒಳಗೆ ಹೋದ. ಡಬ್ಬಿ ಇಳಿಸಿದ. ಪ್ರೇಮಕ್ಕ ಅದನ್ನು ತೆರೆಯಲಿಲ್ಲ. ಸೆರಗಿನ ಗಂಟು ಬಿಚ್ಚಿ, ಅಯ್ಯನವರ ತಟ್ಟೆಯಿಂದ ಸದ್ದಿಲ್ಲದೆ ಎತ್ತಿಕೊಂಡು ಬಂದಿದ್ದ ಕಂದು ಕಲ್ಲನ್ನು ಕಟ್ಟೆಯ ಮೇಲೆ ಇಟ್ಟಳು.

"ಅವ್ರು ಲಿಂಗಕ್ಕ ನೀರು ಹಾಕೂದು ಬಿಟ್ಟು ಬಾಳ ವರ್ಷ ಆತು. ಬರೇ ವಿಭೂತಿ ಹಚ್ಚತಿದ್ರು. ಕೇಳಿದ್ರ ಥಂಡಿ ಅಂದ್ರು. ಲಿಂಗಕ್ಕ ನೀರು ಹಾಕಿದ್ರ ಇವ್ರಿಗೆ ಹೆಂಗ ಥಂಡಿ ಆಗ್ತೈತಿ?"

ಜಿಯಾವುಲ್ಲಾ ನೆಲ ನೋಡಿದ.

"ನಾಕು ದಿನ ಅದನ್ನ ನನ್ನ ಕೊರಳಾಗ ಹಾಕ್ಕೊಂಡಿದ್ದೆ. ನಂದಕ್ಕಿಂತ ಭಾರ ಇತ್ತು. ತಗದು ನೋಡ್ಲಿಲ್ಲ. ಹೊರಗ ಎಲ್ಲಾರೂ ಹುಡುಕಾಕ ಹತ್ಯಾರ, ನೀವು ಒಬ್ಬರ ನಿಂತೀರಿ. ಹೇಳ್ರಿ. ಎಲ್ಲಿ ಹೋತು?"

ಸತ್ತವನಿಗೆ ಕೊಟ್ಟ ಮಾತು ದೊಡ್ಡದೋ, ಎದುರಿಗೆ ನಿಂತವಳ ಪ್ರಶ್ನೆ ದೊಡ್ಡದೋ ಎಂದು ತೂಗಿ ನೋಡಲು ಅವನಿಗೆ ಹೊತ್ತಿರಲಿಲ್ಲ. ಹೇಳಿದ. ಹೊಂಡ, ಹಸಿರು ನೀರು, ಬಾಟಲಿ, ಎಲ್ಲ. ಸಣ್ಣ ದನಿಯಲ್ಲಿ, ಬಾಗಿಲ ಕಡೆ ಒಂದು ಕಿವಿಯಿಟ್ಟು. ಪ್ರೇಮಕ್ಕ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಅವಳ ಮುಖ ನೋಡಿ ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಅವ್ವಗ ಹೇಳಬಾರದಿತ್ತು. ಆತು. ನನಗ ಯಾಕ ಹೇಳಲಿಲ್ಲ? ನಾನೂ ಅವ್ವನಂಗ ಉಪಾಸ ಕುಂದರತಿದ್ನೇನು? ಸೆರಗ ಹೊಚ್ಚಿಕೊಂಡು ನಾನ ಹಲಸೂರಿಗೆ ಹೋಗಿ ಕಟ್ಟಿಸಿಕೊಂಡು ಬರತಿದ್ದೆ. ದಿನಾ ಪೂಜಿ ಆದ ಮ್ಯಾಲ ತಾಟು ಹಾಕಿ ಕೊಡಾಕಿ ನಾನು. ನಿಮಗ ಗೊತ್ತು, ನನಗ ಗೊತ್ತಿಲ್ಲ."

ಜಿಯಾವುಲ್ಲಾನ ಹತ್ತಿರ ಇದ್ದದ್ದು ಎರಡು ಉಪಾಯ. ಆಸ್ಪತ್ರೆಯಲ್ಲಿ ತನ್ನ ಕೈಯಿಂದಲೇ ಬಿದ್ದುಹೋಯಿತು ಎಂದು ಹೊರಗೆ ಒಪ್ಪಿಕೊಳ್ಳುತ್ತೇನೆ ಎಂದ. ಆಮೇಲೆ ಈ ಓಣಿಗೆ ಹೇಗೆ ಕಾಲಿಡುತ್ತೀರಿ ಎಂದಳು ಪ್ರೇಮಕ್ಕ. ಹಾಗಾದರೆ ಆಟೋ ಹಿಡಿದು ಚಿಕ್ಕಪೇಟೆಗೆ ಹೋಗಿ ಒಂದು ಲಿಂಗ ತರುತ್ತೇನೆ, ಸಿಕ್ಕಿತೆಂದು ಹೇಳೋಣ ಎಂದ. ಅವಳು ಕಟ್ಟೆಯ ಮೇಲಿನ ಕಲ್ಲನ್ನು ನೋಡುತ್ತ ನಿಂತಳು.

"ಬೆಳಿಗ್ಗೆ ಇದನ್ನ ಅಂಗೈ ಮ್ಯಾಲ ಇಟ್ಕೊಂಡು ನೋಡಿಕೋಂತ ಕುಂದರತಿದ್ರು. ಹಾಲಿನಂವ ಬಂದು ಬೆಲ್ ಹೊಡದ್ರ ಕೇಳತಿರಲಿಲ್ಲ ಅವರಿಗೆ. ಬಾಗಲ ಸಂದಿಗುಂಟ ದಿನಾ ನೋಡೇನಿ ನಾನು. ಅದು ಪೂಜಿ ಅಲ್ಲ ಅಂತ ಹೆಂಗ ಅನ್ಲಿ?" ಎಂದಳು. "ಅಂಗಡ್ಯಾಗಿಂದು ಅವರ ಮಾರಿ ನೋಡಿಲ್ಲ."

ಆಮೇಲೆ ಅವಳು ಅಡಿಗೆಯವಳ ಕೈಚಳಕದಲ್ಲಿ ಕೆಲಸಕ್ಕೆ ತೊಡಗಿದಳು. ಒಂದು ಬಟ್ಟಲಲ್ಲಿ ಕರ್ಪೂರ ಹೊತ್ತಿಸಿ, ಅದರ ಮೇಲೆ ಸ್ಟೀಲ್ ತಟ್ಟೆ ಹಿಡಿಯಲು ಜಿಯಾವುಲ್ಲಾನಿಗೆ ಹೇಳಿದಳು. ತಟ್ಟೆಯ ತಳಕ್ಕೆ ಮಸಿ ಕಟ್ಟಿತು. ಮಸಿಯನ್ನು ಕೆರೆದು, ತುಪ್ಪದಲ್ಲಿ ಕಲಸಿ, ಕಲ್ಲಿನ ಸಂದುಗೊಂದಿಗೆಲ್ಲ ಸವರಿದಳು. ಕಂದು ಹೋಗಿ ಕಪ್ಪಾಯಿತು. ಬಿಳಿ ಬಟ್ಟೆಯಲ್ಲಿ ಸುತ್ತಿದಳು. ತಟ್ಟೆ ಹಿಡಿದ ಜಿಯಾವುಲ್ಲಾನ ಬೆರಳು ಸುಟ್ಟು ಗುಳ್ಳೆ ಎದ್ದಿತ್ತು. ಅವನಾಗಲಿ ಅವಳಾಗಲಿ ಅದನ್ನು ಗಮನಿಸಲಿಲ್ಲ.

ನಡುಮನೆಗೆ ಬಂದು, ಸಿಕ್ಕಿತು ಎಂದಳು. ಆಸ್ಪತ್ರೆಯಿಂದ ಬಂದ ದಿನ ಕರಡಿಗೆ ತೊಳೆಯುವ ಗಡಿಬಿಡಿಯಲ್ಲಿ ತನ್ನ ಕೈಯಿಂದಲೇ ಅದಲುಬದಲಾಗಿದೆ, ಲಿಂಗ ಅಕ್ಕಿಯ ಡಬ್ಬಿಯಲ್ಲಿತ್ತು ಎಂದಳು. ಬಸವಪ್ರಭು ಕೈ ಚಾಚಿ, ಒಮ್ಮೆ ಕೊಡು ನೋಡುತ್ತೇನೆ ಎಂದ.

"ಇನ್ನ ಅವರ ಕೈಯಾಗ ಇಡೂವಾಗ ಬಿಚ್ಚೂದು," ಎಂದಳು ಪ್ರೇಮಕ್ಕ. "ಈಗಾಗಲೇ ಬಾಳ ಕೈ ಬದಲಾಗೇತಿ."

ಅವನ ಕಣ್ಣು ಅಯ್ಯನವರ ಮುಂದಿದ್ದ ಹಿತ್ತಾಳೆ ತಟ್ಟೆಯ ಕಡೆ ತಿರುಗಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತ ಜಿಯಾವುಲ್ಲಾನೂ ಅತ್ತ ನೋಡಿದ. ತಟ್ಟೆ ಖಾಲಿಯಿರಬೇಕು, ಕಂದು ಕಲ್ಲು ಎಲ್ಲಿ ಎಂದು ಒಬ್ಬರು ಕೇಳಿದರೆ ಮುಗಿಯಿತು. ಆದರೆ ತಟ್ಟೆಯಲ್ಲಿ ಒಂದು ಕಂದು ಕಲ್ಲು ಇತ್ತು. ಅಷ್ಟೇ ಗಾತ್ರದ್ದು, ಮೈ ಇನ್ನೂ ಒದ್ದೆ. ಪಕ್ಕದಲ್ಲಿ ಪ್ರತಿಭಾ ಯಾರನ್ನೂ ನೋಡದೆ, ದಾರ ಸುತ್ತಿದ ಅಯಸ್ಕಾಂತವನ್ನು ಬೆರಳಿಂದ ಬಿಡಿಸಿಕೊಳ್ಳುತ್ತಿದ್ದಳು.

*

ಟಿನ್ ಫ್ಯಾಕ್ಟರಿಯ ಹತ್ತಿರ ವ್ಯಾನು ನಿಂತುಬಿಟ್ಟಿತು. ಮುಂದೆ ಬಸ್ಸು, ಪಕ್ಕದಲ್ಲಿ ಲಾರಿ, ನಡುವೆ ಒಂದು ಇರುವೆ ನುಸುಳುವಷ್ಟು ಜಾಗವಿಲ್ಲ. ಹಂಪಣ್ಣ ಇಳಿದು ಲಾರಿಯವನ ಜೊತೆ ತಮಿಳಿನಲ್ಲಿ ಜಗಳಕ್ಕೆ ನಿಂತ. ಹೊಂಗೆ ಸೊಪ್ಪು, ಚೆಂಡುಹೂ ಕಟ್ಟಿದ ಕುರ್ಚಿಯಲ್ಲಿ ವಿರೂಪಾಕ್ಷ ಟ್ರಾಫಿಕ್ಕಿನ ನಡುವೆ ನೆಟ್ಟಗೆ ಕೂತಿದ್ದ.

ಹಿಂದಿನ ಬಾಗಿಲ ಬಳಿ ನಿಂತಿದ್ದ ಜಿಯಾವುಲ್ಲಾನನ್ನು ಬಸವಪ್ರಭು ಕರೆದು ತನ್ನ ಪಕ್ಕ ಜಾಗ ಮಾಡಿಕೊಟ್ಟ. ಅಣ್ಣನ ಪಾದ ಮುಟ್ಟುವಷ್ಟು ಹತ್ತಿರ.

"ಸಿಟ್ಟಿನಾಗ ಅಂದೆ. ಮನಸಿನಾಗ ಇಟ್ಕೋಬ್ಯಾಡ್ರಿ," ಎಂದ ಬಸವಪ್ರಭು. "ನಾ ವರ್ಷಕ್ಕೊಮ್ಮೆ ಬರಾಂವ. ನೀವು ವಾರಾ ಬರತಿದ್ರಂತ."

ಕಳ್ಳ ಎಂದಾಗ ತಡೆದುಕೊಂಡಿದ್ದ ಜಿಯಾವುಲ್ಲಾನಿಗೆ ಈ ಮಾತು ತಡೆಯಲಾಗಲಿಲ್ಲ. ಕಿಟಕಿಯ ಕಡೆ ತಿರುಗಿದ. ಎದುರಿನ ಸೀಟಿನಲ್ಲಿ ಪ್ರೇಮಕ್ಕ ಬಿಳಿ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬಟ್ಟೆಯ ಒಂದು ಮೂಲೆಗೆ ತುಪ್ಪದ ಜಿಡ್ಡು ಇಳಿದು, ಕಪ್ಪಗೆ ಹರಡುತ್ತಿತ್ತು. ಅವಳು ಹೆಬ್ಬೆರಳನ್ನು ಅದರ ಮೇಲೆ ಒತ್ತಿ ಇಟ್ಟಿದ್ದಳು.

ರುದ್ರಭೂಮಿ ಮುಟ್ಟಿದಾಗ ಕಾವಲುಗಾರ ಗೇಟಿನ ಒಂದು ರೆಕ್ಕೆ ಎಳೆದಾಗಿತ್ತು. ಗುಂಡಿ ತೆಗೆದು, ಒಳಗೋಡೆಯಲ್ಲಿ ಕೂರಿಸಲು ಗೂಡು ಕೊರೆದು ಸಿದ್ಧವಾಗಿತ್ತು. ವಿರೂಪಾಕ್ಷನನ್ನು ಇಳಿಸಿದರು, ಗೂಡಿನಲ್ಲಿ ಕೂರಿಸಿದರು. ಬೆನ್ನಿಗೆ, ಮಗ್ಗುಲಿಗೆ ವಿಭೂತಿ ಗಟ್ಟಿಗಳನ್ನು ಒತ್ತಿದರು. ಅಯ್ಯನವರು ಏದುಸಿರು ಬಿಡುತ್ತ ಗುಂಡಿಗೆ ಇಳಿದು, ಮೇಲಕ್ಕೆ ಕೈ ನೀಡಿದರು. ಪ್ರೇಮಕ್ಕ ಬಗ್ಗಿ ಗಂಟನ್ನು ಕೊಟ್ಟಳು. ಬಸವಪ್ರಭುವೂ ಒಂದು ತಂಬಿಗೆ ನೀರು ಹಿಡಿದು ಅವರ ಹಿಂದೆಯೇ ಇಳಿದ. ಅದು ಜಿಯಾವುಲ್ಲಾ ಎಣಿಸಿರದಿದ್ದ ಸಂಗತಿ. ಗುಂಡಿಯಲ್ಲಿ ಇಬ್ಬರ ನಡುವೆ ಒಂದು ಮೊಳ ಅಂತರವೂ ಇರಲಿಲ್ಲ.

ಕಡೆಯ ಪೂಜೆ. ಅಯ್ಯನವರು ಬಟ್ಟೆ ಬಿಚ್ಚಿ, ಕಪ್ಪು ಕಲ್ಲನ್ನು ತಮ್ಮ ಎಡ ಅಂಗೈ ಮೇಲೆ ಇಟ್ಟುಕೊಂಡರು. ನೀರು ಬಿಡಲು ಹೇಳಿದರು. ಬಸವಪ್ರಭು ತಂಬಿಗೆ ಬಗ್ಗಿಸಿದ. ಅಯ್ಯನವರು ವಿಭೂತಿ ತೆಗೆದುಕೊಂಡು ಹೆಬ್ಬೆರಳಿನಿಂದ ಕಲ್ಲಿನ ಮೈ ಉಜ್ಜಿದರು. ಮಂತ್ರ ಹೇಳುತ್ತಿದ್ದ ಬಾಯಿ ನಿಂತಿತು.

ಬೆರಳು ಕಪ್ಪಾಗಿತ್ತು. ಉಜ್ಜಿದ ಜಾಗದಲ್ಲಿ ಕಂದು ಬಣ್ಣ ಕಾಣುತ್ತಿತ್ತು.

ಅಯ್ಯನವರು ತಲೆಯೆತ್ತಿದರು. ಗುಂಡಿಯ ಅಂಚಿನಲ್ಲಿ ಪ್ರೇಮಕ್ಕ ನಿಂತಿದ್ದಳು. ಕೈ ಮುಗಿಯಲಿಲ್ಲ, ಕಣ್ಣು ತಗ್ಗಿಸಲಿಲ್ಲ. ಮಣ್ಣಿನ ಹೆಂಟೆಯೊಂದು ಅವಳ ಕಾಲಡಿಯಿಂದ ಜಾರಿ ಗುಂಡಿಗೆ ಬಿತ್ತು. ಮೇಲಿನವರಿಗೆ ಏನೂ ಕಾಣುತ್ತಿರಲಿಲ್ಲ. ಅಯ್ಯನವರಿಗೆ ಉಬ್ಬಸ ಹೆಚ್ಚಾಯಿತೆಂದೇ ಎಲ್ಲರೂ ತಿಳಿದರು. ಬಸವಪ್ರಭು ಅಂಗೈಯನ್ನೇ ನೋಡುತ್ತಿದ್ದಾನೋ, ಅಣ್ಣನ ಮುಖವನ್ನೋ, ಮೇಲಿನಿಂದ ಜಿಯಾವುಲ್ಲಾನಿಗೆ ತಿಳಿಯಲಿಲ್ಲ.

"ಇನ್ನೂ ಬಿಡು," ಎಂದರು ಅಯ್ಯನವರು.

ಬಸವಪ್ರಭು ತಂಬಿಗೆಯನ್ನು ಪೂರ್ತಿ ಬಗ್ಗಿಸಿದ. ಹನ್ನೊಂದು ವರ್ಷ ನೀರು ಕಾಣದ ಕಲ್ಲಿನ ಮೇಲೆ ನೀರು ಬಿತ್ತು. ಮೊದಲು ಕಪ್ಪು ಇಳಿಯಿತು. ಆಮೇಲೆ ಕಲ್ಲು ತನ್ನ ಬಣ್ಣ ಬಿಡತೊಡಗಿತು. ಅಯ್ಯನವರ ಅಂಗೈಯ ಗುಳಿಯಲ್ಲಿ ಕಾವಿ ಕದಡಿದಂಥ ಕೆಂಪು ನೀರು ತುಂಬಿಕೊಂಡಿತು. ಅವರು ಮತ್ತೆ ಮಂತ್ರ ಎತ್ತಿಕೊಂಡರು, ನಿಂತಲ್ಲಿಂದಲೇ. ಮುಗಿಸಿ, ಅಂಗೈಯನ್ನು ಬಾಯಿಗೆ ತಂದು ಆ ನೀರನ್ನು ತೀರ್ಥವೆಂದು ಕುಡಿದರು. ಉಳಿದದ್ದನ್ನು ಬಸವಪ್ರಭುವಿನ ಕಡೆ ನೀಡಿದರು.

ಬಸವಪ್ರಭು ತಂಬಿಗೆ ಕೆಳಗಿಟ್ಟ. ಬೊಗಸೆಯೊಡ್ಡಿ ತೆಗೆದುಕೊಂಡು, ಕಣ್ಣು ಮುಚ್ಚಿ ಕುಡಿದ. ಒದ್ದೆ ಕೈಯನ್ನು ತಲೆಗೆ ಸವರಿಕೊಂಡ. ಅಯ್ಯನವರು ಕಲ್ಲನ್ನು ಗೂಡಿನೊಳಗಿದ್ದ ಅಂಗೈಗೆ ದಾಟಿಸಿ, ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಿದ್ದಾಗ ಅವನು ಗುಂಡಿಯಿಂದ ಮೇಲೆ ಬರಲು ಯಾರದಾದರೂ ಕೈಗಾಗಿ ತಡಕಾಡಿದ. ಹತ್ತಿರವಿದ್ದವನು ಜಿಯಾವುಲ್ಲಾ. ಬಗ್ಗಿ ಕೈಕೊಟ್ಟು ಎಳೆದುಕೊಂಡ. ಬಸವಪ್ರಭುವಿನ ಬೆಳ್ಳನೆಯ ಕೂದಲಿನಲ್ಲಿ, ಹಣೆಯಿಂದ ನೆತ್ತಿಯವರೆಗೆ, ತುಕ್ಕಿನ ಬಣ್ಣದ ಒಂದು ಗೆರೆ ಹಸಿಯಾಗಿತ್ತು.